ಅಪ್ಪ ಏನು ಮಾಡುತ್ತಿದ್ದರು ಅಂತ ಇಲ್ಲಿ ಕೇಳುತ್ತಾರೆ

ತಮ್ಮಾ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ತಡ ಮಾಡಿದೆ, ಬೇಜಾರು ಮಾಡಿಕೋಬೇಡ. ನೀನು ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ.

ನೀನು ಕೇಳಿದ್ದು ಇಷ್ಟು. ನಿನ್ನ ಮನೆಯವರಿಗೆ ಐರ್ಲೆಂಡಿನ ಲೀಟ್ರಿಮ್ ಕೌಂಟಿಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ನೀನು ತಿಪಟೂರು ಕಡೆಯ ಕಮ್ಮಾರರ ಮನೆಯ ಹುಡುಗ, ಐಟಿಐ ಮಾಡಿ ವೆಲ್ಡಿಂಗ್ ಕಲಿತಿದ್ದೀಯ. ಅಲ್ಲಿ ಹಳ್ಳಿಗಳಲ್ಲಿ ಇನ್ನೂ ಕುದುರೆ ಸಾಕುತ್ತಾರಂತೆ, ಕುಲುಮೆಗಳು ಇವೆಯಂತೆ, ಕೈಕಸುಬಿಗೆ ಕೆಲಸ ಸಿಗುತ್ತದಾ? ಬಾಡಿಗೆ, ಚಳಿ, ಊಟ, ಮಗುವಿನ ಶಾಲೆ ಹೇಗೆ? ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಣ್ಣಾ, ಅಲ್ಲಿ ನಾವು ಕಮ್ಮಾರರು ಅಂತ ಹೇಳಿಕೊಳ್ಳಬಹುದಾ, ಇಲ್ಲಾ ಸುಮ್ನೆ ವೆಲ್ಡರ್ ಅಂದರೆ ಸಾಕಾ?"

ಆ ಸಾಲಿಗೇ ನಾಲ್ಕು ದಿನ ಹಿಡಿಯಿತು. ಮಿಕ್ಕಿದ್ದಕ್ಕೆ ಮೊದಲು ಉತ್ತರ ಕೊಟ್ಟು ಮುಗಿಸುತ್ತೇನೆ.

ಕೆಲಸದ ಪರ್ಮಿಟ್ ಬಗ್ಗೆ ನಿನಗೆ ಚಿಂತೆ ಬೇಡ. ನಿನ್ನ ಮನೆಯವರದು ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಆಗಿದ್ದರೆ ನಿನಗೆ 1ಜಿ ಅನ್ನುವ ಸ್ಟಾಂಪ್ ಹಾಕುತ್ತಾರೆ, ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು. 2019ರಿಂದ ಹೀಗಿದೆ. ಜನರಲ್ ಪರ್ಮಿಟ್ ಆದರೂ 2024ರಿಂದ ಇದೇ ಅನುಕೂಲ ಕೊಟ್ಟಿದ್ದಾರೆ. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಬಾಡಿಗೆ ಮನೆ ಸಿಗುವುದು ಕಷ್ಟ, ಹಳ್ಳಿಯಲ್ಲೂ ಕಷ್ಟ. ಆಸ್ಪತ್ರೆಯವರು ಮೊದಲ ಕೆಲವು ವಾರ ಮನೆ ಕೊಟ್ಟರೆ ಬಿಡಬೇಡಿ. ಚಳಿ ನೀನು ಅಂದುಕೊಂಡಷ್ಟು ಇರಲ್ಲ, ಮಳೆ ಅಂದುಕೊಂಡದ್ದಕ್ಕಿಂತ ಜಾಸ್ತಿ. ಡಿಸೆಂಬರಿನಲ್ಲಿ ಬೆಳಗ್ಗೆ ಒಂಬತ್ತರ ಹತ್ತಿರ ಬೆಳಕು, ಸಂಜೆ ನಾಲ್ಕೂವರೆಗೆ ಕತ್ತಲು. ಅದು ಮನಸ್ಸಿಗೆ ಹಿಡಿಯುತ್ತದೆ. ಮೊದಲ ವರ್ಷ ಒಬ್ಬನೇ ಮನೆಯಲ್ಲಿ ಕೂರಬೇಡ. ರಾಗಿ ಹಿಟ್ಟು ಸಿಗುತ್ತದೆ. ಶಾಲೆ ಚೆನ್ನಾಗಿದೆ, ಮಗು ನಿಮಗಿಂತ ಬೇಗ ಹೊಂದಿಕೊಳ್ಳುತ್ತೆ. ನಮ್ಮ ಡ್ರೈವಿಂಗ್ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿ ಕೊಡುವುದಿಲ್ಲ. ಥಿಯರಿ ಪರೀಕ್ಷೆ, ಕಡ್ಡಾಯ ಪಾಠಗಳು, ಆಮೇಲೆ ಟೆಸ್ಟ್. ಬಂದ ತಿಂಗಳೇ ಶುರು ಮಾಡು. ಲೀಟ್ರಿಮ್‌ನಲ್ಲಿ ಕಾರಿಲ್ಲದೆ ಬದುಕುವುದು ಬಹಳ ಕಷ್ಟ. ಇಡೀ ಕೌಂಟಿಗೆ ಜನ ಸುಮಾರು 35 ಸಾವಿರ, ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇರುವಷ್ಟು. 1841ರಲ್ಲಿ ಇದೇ ಕೌಂಟಿಯಲ್ಲಿ ಒಂದೂವರೆ ಲಕ್ಷ ಜನ ಇದ್ದರು. ಬರಗಾಲ ಬಂತು, ಎಷ್ಟೋ ಜನ ಸತ್ತರು, ಎಷ್ಟೋ ಜನ ಹಡಗು ಹತ್ತಿದರು. ಆಮೇಲೂ ನೂರು ವರ್ಷ ಹೋಗುತ್ತಲೇ ಇದ್ದರು. ಹಾಗಾಗಿ ಊರು ಬಿಟ್ಟು ಬಂದವರ ಸಂಕಟ ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕುಲುಮೆ.

ಆಸೆ ಹುಟ್ಟಿಸಿ ಕರೆಸಿಕೊಂಡೆ ಅಂತ ಆಗಬಾರದು. ದಿನಾ ಬೆಂಕಿ ಹೊತ್ತಿಸಿ ಊರಿನ ಕೆಲಸ ಮಾಡುವ ಕುಲುಮೆ ಹಳ್ಳಿಹಳ್ಳಿಗೂ ಇದ್ದ ಕಾಲ ಹೋಯಿತು. ರಸ್ತೆ ಬದಿಯಲ್ಲಿ ಕಟ್ಟಡಗಳು ಕಾಣುತ್ತವೆ. ಕೆಲವಕ್ಕೆ ಬಾಗಿಲೇ ಲಾಳದ ಆಕಾರದಲ್ಲಿ ಕಲ್ಲು ಕಟ್ಟಿರುತ್ತಾರೆ, ದೂರದಿಂದಲೇ ಗೊತ್ತಾಗುತ್ತೆ. ಒಳಗೆ ಹುಲ್ಲು ಬೆಳೆದಿರುತ್ತದೆ, ಇಲ್ಲಾ ಯಾರೋ ಕಾರು ನಿಲ್ಲಿಸಿರುತ್ತಾರೆ. ಕುದುರೆ ಈಗಲೂ ಬೇಕಾದಷ್ಟಿವೆ, ಆದರೆ ಅವು ಕುಲುಮೆಗೆ ಬರುವುದಿಲ್ಲ. ಲಾಳ ಕಟ್ಟುವ ಫ್ಯಾರಿಯರ್ ವ್ಯಾನಿನಲ್ಲಿ ಗ್ಯಾಸ್ ಒಲೆ, ಕಬ್ಬಿಣ ಬಡಿಯುವ ಅಡಿಗಲ್ಲು ಇಟ್ಟುಕೊಂಡು ಕುದುರೆ ಇದ್ದಲ್ಲಿಗೇ ಹೋಗುತ್ತಾನೆ. ಆರರಿಂದ ಎಂಟು ವಾರಕ್ಕೆ ಒಮ್ಮೆ. ಆ ಕೆಲಸಕ್ಕೆ ಒಬ್ಬ ಪಳಗಿದವನ ಕೈಕೆಳಗೆ ನಾಲ್ಕು ವರ್ಷ ಅಪ್ರೆಂಟಿಸ್ ಇರಬೇಕು. ನಮ್ಮಲ್ಲಿ ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಸೀಳುಗೊರಸಿಗೆ ಎರಡೆರಡರಂತೆ ಎಂಟು ಲಾಳ ಹೊಡೆಯುತ್ತೇವಲ್ಲ, ಆ ಅನುಭವ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಇಲ್ಲಿ ಕುದುರೆ ನಿಂತೇ ಇರುತ್ತೆ, ನೀನು ಬಗ್ಗಿ ಅದರ ಕಾಲನ್ನು ತೊಡೆಯ ಮಧ್ಯೆ ಹಿಡಿಯಬೇಕು. ಬಿಸಿ ಲಾಳವನ್ನೇ ಗೊರಸಿಗೆ ಒತ್ತಿ ಅಳತೆ ನೋಡುತ್ತಾರೆ. ಕೂದಲು ಸುಟ್ಟ ವಾಸನೆಯ ಹಳದಿ ಹೊಗೆ ಏಳುತ್ತದೆ. ಮೊದಲ ಸಲ ನೋಡಿದಾಗ ನನಗೆ ಎದೆ ಧಸಕ್ಕೆಂದಿತ್ತು. ಅದು ಉಗುರಿದ್ದ ಹಾಗೆ, ಕುದುರೆಗೆ ನೋವಾಗಲ್ಲ.

ವೆಲ್ಡಿಂಗ್ ಕೆಲಸ ಮಾತ್ರ ಖಂಡಿತ ಸಿಗುತ್ತದೆ. ಹೊಲದ ಗೇಟು, ದನದ ಕೊಟ್ಟಿಗೆಯ ಕಂಬಿ, ಟ್ರೇಲರ್ ರಿಪೇರಿ. ಕಟ್ಟಡದ ಸೈಟಿಗೆ ಹೋಗುವುದಾದರೆ ಸೇಫ್ ಪಾಸ್ ಅಂತ ಒಂದು ದಿನದ ತರಬೇತಿ ಮಾಡಿಕೊಂಡು ಕಾರ್ಡ್ ತೆಗೆದುಕೋ. ನಾನು ಇಪ್ಪತ್ತು ವರ್ಷದಿಂದ ಗೇಟು ಮಾಡುತ್ತಿದ್ದೇನೆ. ಲಾಕ್ ಆಲನ್ ಕೆರೆಯ ಸುತ್ತ ಒಂದು ಸುತ್ತು ಬಂದರೆ ನನ್ನ ಕೈಯ ಗೇಟು ಎಷ್ಟೋ ಕಡೆ ಕಾಣುತ್ತದೆ. ಹಳೆಯ ಕಮ್ಮಾರರ ಗೇಟುಗಳೂ ಇನ್ನೂ ನಿಂತಿವೆ. ಪಟ್ಟಿ ಕಬ್ಬಿಣವನ್ನು ಕಾಯಿಸಿ ಬಗ್ಗಿಸಿ, ರಿವೆಟ್ ಹೊಡೆದು ಮಾಡಿದ್ದು, ಒಂದು ಚೂರೂ ವೆಲ್ಡಿಂಗ್ ಇಲ್ಲ. ಒಬ್ಬೊಬ್ಬ ಕಮ್ಮಾರನದು ಒಂದೊಂದು ಸುರುಳಿ. ಗೇಟು ನೋಡಿಯೇ ಇದು ಇಂಥವರ ಕುಲುಮೆಯದು ಅಂತ ಹಿರಿಯರು ಹೇಳುತ್ತಾರೆ. ಈಗ ನನಗೂ ಗೊತ್ತಾಗುತ್ತದೆ.

ನಾನು ಬಂದದ್ದು 2003ರ ನವೆಂಬರಿನಲ್ಲಿ. ಹೆಂಡತಿ ಆರು ತಿಂಗಳು ಮೊದಲೇ ಬಂದಿದ್ದಳು. ಆಗ ನರ್ಸುಗಳ ಗಂಡಂದಿರಿಗೆ ಕೆಲಸ ಮಾಡಲು ಬಿಡುತ್ತಿರಲಿಲ್ಲ. ಮುಂದಿನ ವರ್ಷ ನಿಯಮ ಸಡಿಲವಾಯಿತು, ಆದರೆ ಆ ಮೊದಲ ಚಳಿಗಾಲ ಪೂರ್ತಿ ನಾನು ಖಾಲಿ. ಅವಳು ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಸದ್ದಾಗಬಾರದು ಅಂತ ಹೊರಗೆ ಬಂದುಬಿಡುತ್ತಿದ್ದೆ. ಡ್ರಮ್‌ಶಾನ್‌ಬೊ ಊರಿನಾಚೆ, ಬೆಟ್ಟದ ಬುಡದ ರಸ್ತೆಯಲ್ಲಿ ನಡೆಯುವುದು. ಆ ಬೆಟ್ಟದ ಹೆಸರು ಸ್ಲೀವ್ ಆನ್ ಈರನ್. ಕಬ್ಬಿಣದ ಬೆಟ್ಟ ಅಂತ ಅರ್ಥ. ಹಿಂದೆ ಅಲ್ಲಿ ಅದಿರು ತೆಗೆದು ಕರಗಿಸುತ್ತಿದ್ದರು. ಕೆರೆಯ ಆ ಕಡೆ ಅರಿಗ್ನಾ ಅಂತ ಇದೆ, 1990ರವರೆಗೂ ಕಲ್ಲಿದ್ದಲು ಗಣಿ ಇತ್ತು. ನಾನು ಕಡೂರಿನ ಕಡೆಯವನು. ನಮ್ಮ ಜಿಲ್ಲೆಯಲ್ಲೂ ಕುದುರೆಮುಖದ ಕಬ್ಬಿಣದ ಬೆಟ್ಟ ಇದೆಯಲ್ಲ. ಅದನ್ನು ನೆನೆಸಿಕೊಂಡು ನಡೆಯುತ್ತಿದ್ದೆ.

ಒಂದು ದಿನ ಆ ರಸ್ತೆಯಲ್ಲಿ ಶಬ್ದ ಕೇಳಿತು. ಒಂದು ದಪ್ಪ ಏಟು, ಎರಡು ಸಣ್ಣ ಏಟು. ಒಂದು ದಪ್ಪ, ಎರಡು ಸಣ್ಣ. ಆ ಸಣ್ಣ ಏಟು ಕಬ್ಬಿಣದ ಮೇಲೆ ಬೀಳುವುದಲ್ಲ, ಅಡಿಗಲ್ಲಿನ ಮೇಲೆ ಸುತ್ತಿಗೆ ಕುಣಿಯುವುದು. ಮುಂದಿನ ಏಟಿಗೆ ಮೊದಲು ಕೈ ಉಸಿರು ತೆಗೆದುಕೊಳ್ಳುತ್ತದೆ. ನಿನಗೆ ಇದನ್ನು ವಿವರಿಸಬೇಕಾಗಿಲ್ಲ. ಹುಟ್ಟಿದಾಗಿನಿಂದ ಕೇಳಿದ ಶಬ್ದ ಅದು. ಮಳೆಯಲ್ಲಿ ನಿಂತುಬಿಟ್ಟೆ.

ಬಾಗಿಲಲ್ಲಿ ನಿಂತವನನ್ನು ಒಳಗಿದ್ದ ಅಜ್ಜ ಬಾ ಅಂತ ಕರೆದರು. ಆಗ ಅವರಿಗೆ 77 ವರ್ಷ. ಕಮ್ಮಾರರಾಗಿಯೇ ಹುಟ್ಟಿ ಬೆಳೆದವರು. ವಾರಕ್ಕೆ ಒಂದೆರಡು ದಿನ ಬೆಂಕಿ ಹೊತ್ತಿಸುತ್ತಿದ್ದರು, ಮನಸ್ಸು ತಡೆಯುವುದಿಲ್ಲ ಅಂತ. ಒಳಗೆ ಕತ್ತಲು. ಒಂದೇ ಸಣ್ಣ ಕಿಟಕಿ. ಕುಲುಮೆ ಯಾಕೆ ಕತ್ತಲಾಗಿರಬೇಕು ಅಂತ ನಿನಗೂ ಗೊತ್ತು, ಕಾವಿನ ಬಣ್ಣ ಕಾಣಬೇಕಲ್ಲ. ನಮ್ಮಪ್ಪ ತೊಂಡೆಹಣ್ಣಿನ ಕೆಂಪು ಅನ್ನುತ್ತಿದ್ದರು, ಆಮೇಲೆ ಮುತ್ತುಗದ ಹೂವಿನ ಬಣ್ಣ, ಆಮೇಲೆ ಬಿಳಿ ಬಂದು ಕಿಡಿ ಹಾರಿದರೆ ಬೆಸುಗೆ. ಈ ಅಜ್ಜ ಚೆರ್ರಿ ಹಣ್ಣಿನ ಕೆಂಪು ಅನ್ನುತ್ತಿದ್ದರು. ತಿದಿ ನಮ್ಮದಕ್ಕಿಂತ ದೊಡ್ಡದು, ಒಂದು ಮಂಚದಷ್ಟು. ಕಲ್ಲುಬಾನಿಯಲ್ಲಿ ಕಪ್ಪು ನೀರು. ಗೋಡೆ ತುಂಬ ಇಕ್ಕಳಗಳು, ಒಂದೊಂದು ಕೆಲಸಕ್ಕೆ ಒಂದೊಂದು ಬಾಯಿ.

ಅಲ್ಲಿ ಕೂತು ಎಷ್ಟು ಕೇಳಿದ್ದೇನೋ ಲೆಕ್ಕ ಇಲ್ಲ. ಈ ದೇಶದಲ್ಲಿ ಕಮ್ಮಾರನನ್ನು ಹೇಗೆ ಕಂಡಿದ್ದರು ಅಂತ ಗೊತ್ತಾದದ್ದು ಅಲ್ಲೇ. ಅವರ ಹಳೆಯ ಕಥೆಗಳಲ್ಲಿ ದೇವತೆಗಳಿಗೇ ಆಯುಧ ಮಾಡಿಕೊಡುವ ಗೋಬ್ನು ಅನ್ನುವ ಕಮ್ಮಾರ ಬರುತ್ತಾನೆ. ನಮ್ಮ ವಿಶ್ವಕರ್ಮನ ಹಾಗೆ. ಐರಿಷ್ ಭಾಷೆಯಲ್ಲಿ ಕಮ್ಮಾರನಿಗೆ ಗವಾ ಅನ್ನುತ್ತಾರೆ. ಮ್ಯಾಕ್‌ಗೋವನ್ ಅನ್ನುವ ಮನೆತನದ ಹೆಸರು ನೀನು ದಿನಾ ಕೇಳುತ್ತೀಯ, ಅದಕ್ಕೆ ಕಮ್ಮಾರನ ಮಗ ಅಂತ ಅರ್ಥ. ಪಕ್ಕದ ಕ್ಯಾವನ್ ಕೌಂಟಿಯಲ್ಲಿ ಸ್ಮಿತ್ ಅಂತ ಇರುವ ಎಷ್ಟೋ ಮನೆಗಳು ಮೊದಲು ಆ ಹೆಸರಿನವೇ. ಸಂತ ಪ್ಯಾಟ್ರಿಕ್‌ನ ಹೆಸರಿನಲ್ಲಿರುವ ಸಾವಿರ ವರ್ಷಕ್ಕೂ ಹಳೆಯ ಪ್ರಾರ್ಥನೆ ಒಂದಿದೆ. ಹೆಂಗಸರ, ಕಮ್ಮಾರರ, ಡ್ರೂಯಿಡ್ ಮಂತ್ರವಾದಿಗಳ ಮಾಟದಿಂದ ಕಾಪಾಡು ಅಂತ ಅದರಲ್ಲಿ ದೇವರನ್ನು ಕೇಳುತ್ತಾರೆ. ಅಷ್ಟು ಭಯ, ಅಷ್ಟು ಗೌರವ. ಕುಲುಮೆಯಿಂದ ಏನನ್ನೂ ಕದಿಯಬಾರದು, ಕಮ್ಮಾರನ ಶಾಪ ತಟ್ಟುತ್ತದೆ ಅಂತ ನಂಬಿಕೆ. ಕಲ್ಲುಬಾನಿಯ ನೀರು ಹಚ್ಚಿದರೆ ನರಹುಲಿ ಉದುರುತ್ತದೆ ಅಂತ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರಂತೆ. ಗುಡ್ ಫ್ರೈಡೇ ದಿನ ಮೊಳೆ ಹೊಡೆಯುವುದಿಲ್ಲ, ಏಸುವಿಗೆ ಮೊಳೆ ಹೊಡೆದ ದಿನ ಅದು. ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಕುಲುಮೆ ಹೊತ್ತಿಸುತ್ತಿರಲಿಲ್ಲ. ನಿಮ್ಮಲ್ಲೂ ಹಾಗೇ ಇರಬೇಕು, ಅಲ್ವಾ?

1798ರಲ್ಲಿ ಇಂಗ್ಲಿಷರ ವಿರುದ್ಧ ದಂಗೆ ಎದ್ದಾಗ ಜನರ ಕೈಯಲ್ಲಿ ಇದ್ದದ್ದು ಉದ್ದ ಕೋಲಿನ ಈಟಿಗಳು. ಆ ಈಟಿಗಳನ್ನು ರಾತ್ರಿ ಹೊತ್ತು ಬಡಿದುಕೊಟ್ಟವರು ಹಳ್ಳಿಯ ಕಮ್ಮಾರರು. ಸೈನಿಕರು ಕುಲುಮೆಗಳನ್ನು ಸುಟ್ಟರು, ಕಮ್ಮಾರರಿಗೆ ಚಾಟಿ ಬೀಸಿದರು. ಆ ಕಥೆ ಹೇಳುವಾಗ ಅಜ್ಜನ ಬೆನ್ನು ನೆಟ್ಟಗಾಗುತ್ತಿತ್ತು.

ಇನ್ನೊಂದು ಮಾತು ಹೇಳಿದರು. ಅದು ಇವತ್ತಿಗೂ ನನಗೆ ಚುಚ್ಚುತ್ತದೆ. 1937ರಿಂದ 1939ರವರೆಗೆ ಈ ದೇಶದಲ್ಲಿ ಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮನೆಯ, ಊರಿನ ಹಿರಿಯರನ್ನು ಕೇಳಿ ಹಳೆಯ ಸಂಗತಿಗಳನ್ನು ಬರೆದುಕೊಂಡು ಬನ್ನಿ ಅಂತ. ಸುಮಾರು 5000 ಶಾಲೆಗಳು, 50 ಸಾವಿರಕ್ಕೂ ಜಾಸ್ತಿ ಮಕ್ಕಳು ಬರೆದರು. ಕೊಟ್ಟ ವಿಷಯಗಳಲ್ಲಿ ಊರಿನ ಕುಲುಮೆಯೂ ಒಂದು. ಅದೆಲ್ಲ ಈಗ ಇಂಟರ್‌ನೆಟ್ಟಿನಲ್ಲಿದೆ, ದೂಖಸ್ ಅಂತ ಹುಡುಕು. ಆ ಮಕ್ಕಳ ಕೈಬರಹವೇ ಕಾಣುತ್ತದೆ. ಅಜ್ಜನಿಗೆ ಆಗ 12 ವರ್ಷ. ಮೇಷ್ಟ್ರು ಕೇಳಿದಾಗ ಎದ್ದು ನಿಂತು, ಊರಿನ ಕುಲುಮೆ ನಮ್ಮಪ್ಪನದೇ, ನಾನು ಬರೀತೀನಿ ಅಂದರಂತೆ.

ನಾನು ಎಸ್ಎಸ್ಎಲ್‌ಸಿ ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನುವಲ್ಲಿ ವ್ಯವಸಾಯ ಅಂತ ಬರೆದವನು. ನಮಗೆ ಅಂಗೈ ಅಗಲ ಹೊಲ ಇರಲಿಲ್ಲ.

ಈಗ ಆ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಹಳ್ಳಿಗಳಲ್ಲಿ ಪರಿಚಯ ಆದ ಸ್ವಲ್ಪ ಹೊತ್ತಿಗೇ ನಿಮ್ಮ ತಂದೆ ಏನು ಮಾಡುತ್ತಿದ್ದರು ಅಂತ ಕೇಳುತ್ತಾರೆ. ಜಾತಿ ಅಳೆಯಲು ಕೇಳುವುದಲ್ಲ. ಮನುಷ್ಯನನ್ನು ಯಾವ ಬೇರಿಗೆ ಸೇರಿಸಬೇಕು ಅಂತ ತಿಳಿದುಕೊಳ್ಳಲು ಕೇಳುತ್ತಾರೆ. ನಾವು ಊರಿನಲ್ಲಿ "ಯಾರ ಮಗನಪ್ಪಾ" ಅನ್ನುತ್ತೇವಲ್ಲ, ಹಾಗೆ. ಅಜ್ಜನೂ ಎರಡನೇ ದಿನವೋ ಮೂರನೇ ದಿನವೋ ಕೇಳಿದರು. ನಾನು, ಎಂಜಿನಿಯರಿಂಗ್ ವರ್ಕ್ಸ್ ಇಟ್ಟಿದ್ದರು ಅಂದೆ.

ಯಾಕೆ ಹಾಗಂದೆ ಅಂತ ನಿನಗೆ ಅರ್ಥ ಆಗುತ್ತದೆ. ಹಬ್ಬದಲ್ಲಿ ಆಯುಧಪೂಜೆಗೆ ನಮ್ಮ ಕುಲುಮೆಗೆ ಬಂದು ಬೂದುಗುಂಬಳ ಒಡೆದು ಕೈಮುಗಿದು ಹೋಗುವವರೇ, ಮರುದಿನ ಜಗಲಿಯಲ್ಲಿ ಅಪ್ಪನನ್ನು ಹೊರಗೇ ನಿಲ್ಲಿಸಿ ಮಾತಾಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುವಾಗ ನಾನು ಚೀಲ ಹಿಡಿದುಕೊಂಡು ಅಪ್ಪನ ಹಿಂದೆ ಹೋಗುತ್ತಿದ್ದೆ. ವರ್ಷಪೂರ್ತಿ ಕುಳ ಹಣಿದು, ಕುಡುಗೋಲು ತಟ್ಟಿ, ಗಾಡಿಚಕ್ರಕ್ಕೆ ಹಳಿ ಏರಿಸಿ ಮಾಡಿದ ದುಡಿಮೆಯ ಕೂಲಿ ಅದು. ಆದರೆ ಅಳೆದು ಹಾಕುವವರ ಕೈ ದಾನ ಕೊಡುವ ಹಾಗೆ ಇರುತ್ತಿತ್ತು. ಹತ್ತು ವರ್ಷದ ಹುಡುಗನಿಗೆ ಅದು ಗೊತ್ತಾಗುತ್ತದೆ. ಆ ಚೀಲದ ನಾಚಿಕೆಯನ್ನು ನಾನು ವಿಮಾನದಲ್ಲಿ ಇಲ್ಲಿಯವರೆಗೂ ಹೊತ್ತು ತಂದಿದ್ದೆ.

ಅಜ್ಜ, ಹೌದಾ, ಒಳ್ಳೆಯದು, ಅಂದರು. ಅಷ್ಟೇ.

ಅವರ ಕುಲುಮೆ ಹೇಗೆ ಬಡವಾಯಿತು ಅಂತ ಅವರೇ ಹೇಳಿದ್ದು. 1946ರಲ್ಲಿ ಎರಡು ಬಂದವು ಅನ್ನುತ್ತಿದ್ದರು. ಆ ವರ್ಷ ನವೆಂಬರಿನಲ್ಲಿ ಡಬ್ಲಿನ್ ಕೌಂಟಿಯ ಕಿಲ್ಸಾಲಹನ್‌ನಲ್ಲಿ ಹಳ್ಳಿಗಳಿಗೆ ಕರೆಂಟು ಕೊಡುವ ಯೋಜನೆಯ ಮೊದಲ ಕಂಬ ನೆಟ್ಟರು. ಕರೆಂಟಿನ ಹಿಂದೆ ವೆಲ್ಡಿಂಗ್ ಮೆಷಿನ್ ಬಂತು. ಅದೇ ವರ್ಷ ಫರ್ಗುಸನ್ ಟ್ರ್ಯಾಕ್ಟರಿನ ಟಿಇ20 ಮಾದರಿ ತಯಾರಾಗಲು ಶುರುವಾಯಿತು. ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್. ಅದರ ಹಿಂದೆ ನೇಗಿಲನ್ನು ಮೂರು ಕಡೆ ಸಿಕ್ಕಿಸಿ ಎತ್ತುವ ವಿಧಾನ ಕಂಡುಹಿಡಿದ ಹ್ಯಾರಿ ಫರ್ಗುಸನ್ ಇದೇ ದ್ವೀಪದ ಡೌನ್ ಕೌಂಟಿಯ ರೈತನ ಮಗ. ಟ್ರ್ಯಾಕ್ಟರ್ ಬಂತು, ಕುದುರೆ ಹೋಯಿತು. ಲಾಳ ಇಲ್ಲ, ಗಾಡಿಗೆ ಹಳಿ ಏರಿಸುವುದು ಇಲ್ಲ. ಹಳಿ ಏರಿಸುವ ದಿನ ಅಂದರೆ ಇಲ್ಲೂ ಊರೇ ಸೇರುತ್ತಿತ್ತಂತೆ. ನೆಲದ ಮೇಲೆ ದುಂಡಗೆ ಬೆಂಕಿ, ಕೆಂಪಗೆ ಕಾದ ಹಳಿಯನ್ನು ಮೂವರು ಇಕ್ಕಳದಲ್ಲಿ ಎತ್ತಿ ಮರದ ಚಕ್ರಕ್ಕೆ ಕೂರಿಸುವುದು, ತಕ್ಷಣ ನೀರು ಸುರಿಯುವುದು, ಹಳಿ ಕುಗ್ಗಿ ಮರವನ್ನು ಕಚ್ಚಿ ಹಿಡಿದು ಚಕ್ರ ಲಟಲಟ ಅನ್ನುವುದು. ನಾನು ಕೇಳುತ್ತಾ ಕೂತಿದ್ದೆ. ಇದನ್ನೆಲ್ಲ ನಾನೂ ನೋಡಿದ್ದೇನೆ, ನೀರು ಸುರಿಯುವುದು ನನ್ನದೇ ಕೆಲಸ ಆಗಿತ್ತು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಮ್ಮೂರಿಗೆ ಬಂದ ಮೊದಲ ಟ್ರ್ಯಾಕ್ಟರ್ ಯಾವುದು ಗೊತ್ತಾ? ಕೆಂಪು ಮ್ಯಾಸಿ ಫರ್ಗುಸನ್. ಅದೇ ಫರ್ಗುಸನ್. ಇಲ್ಲಿ ಈ ಅಜ್ಜನ ಬೆಂಕಿ ಆರಿಸಿದ ಹೆಸರು, ಮೂವತ್ತು ವರ್ಷ ಆದಮೇಲೆ ಕಡೂರಿಗೆ ಬಂದು ನಮ್ಮಪ್ಪನ ಬೆಂಕಿಯನ್ನೂ ಆರಿಸಿತ್ತು. ಅದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

2005ರ ವಸಂತದಲ್ಲಿ ಅಜ್ಜ ಒಂದು ಲೊಯ್‌ಗೆ ಕಬ್ಬಿಣ ಮಾಡಬೇಕಾಗಿತ್ತು. ಲೊಯ್ ಅಂದರೆ ಈ ಕಡೆಯ ಹಳೆಯ ಗುದ್ದಲಿ. ಉದ್ದನೆಯ ಮರದ ಕಾವು, ತುದಿಗೆ ಕಿರಿದಾದ ಕಬ್ಬಿಣ, ಒಂದೇ ಪಕ್ಕಕ್ಕೆ ಕಾಲಿಡುವ ಜಾಗ. ಲೀಟ್ರಿಮ್‌ನ ಜಿಗುಟು ಮಣ್ಣಿಗೆ ಅದೇ ಸರಿ, ನೇಗಿಲು ಓಡುವುದಿಲ್ಲ. ಈಗ ಅದರಲ್ಲಿ ಅಗೆಯುವ ಪಂದ್ಯ ನಡೆಸುತ್ತಾರೆ, ಯಾರೋ ಪಂದ್ಯಕ್ಕೆ ಬೇಕು ಅಂತ ಕೇಳಿದ್ದರು. ಕಬ್ಬಿಣ ದಪ್ಪ, ಅಜ್ಜನ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಸಮ್ಮಟಿಗೆ ಹಿಡೀತೀಯಾ ಅಂದರು.

ಹಿಡಿದೆ. ಅವರು ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸುತ್ತಾರೆ, ಅಲ್ಲಿಗೆ ನನ್ನ ಏಟು. ಅವರು ತಟ್ಟುವುದು, ನಾನು ಹೊಡೆಯುವುದು. ನಾಲ್ಕು ಏಟಿಗೆ ಕೈ ಕೂಡಿತು. ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಕಾವು ಇಳಿಯುತ್ತಿದ್ದ ಹಾಗೆ ಅವರ ಸುತ್ತಿಗೆ ಅಡಿಗಲ್ಲಿನ ಮೇಲೆ ಟಣ್ ಅಂತ ಮಗ್ಗುಲಾಯಿತು. ನನ್ನ ಸಮ್ಮಟಿಗೆ ತಲೆಯ ಮೇಲೆ ಇದ್ದದ್ದು ಅಲ್ಲೇ ನಿಂತಿತು. ಹೊಡೆತ ಸಾಕು ಅನ್ನುವುದಕ್ಕೆ ಅದು ಸನ್ನೆ. ಅವರು ಅದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಅಜ್ಜ ನನ್ನನ್ನೇ ನೋಡಿದರು. ಎಲ್ಲಿ ಕಲಿತೆ ಅಂದರು. ಸುಮ್ನೆ ನೋಡಿ ಕಲಿತೆ ಅಂದೆ. ಅವರು ಕಬ್ಬಿಣವನ್ನು ಮತ್ತೆ ಬೆಂಕಿಗೆ ಇಟ್ಟರು. ತಿದಿ ಎರಡು ಸಲ ಎಳೆದರು. ಆಮೇಲೆ ಬೆಂಕಿಯನ್ನೇ ನೋಡುತ್ತಾ, "ನೋಡಿ ಕಲಿಯೋದಕ್ಕೂ ಒಂದು ಕುಲುಮೆ ಬೇಕಲ್ಲ ಮಗಾ" ಅಂದರು.

ನನ್ನ ಬಾಯಿಂದ ಮಾತು ಬರಲಿಲ್ಲ. ಅವರು ಮತ್ತೆ ಯಾವತ್ತೂ ಕೇಳಲಿಲ್ಲ. ನಾನೇ ಹೇಳುತ್ತೇನೆ ಅಂತ ನಾಲ್ಕು ವರ್ಷ ಕಾದರು ಅಂತ ನನಗೆ ಅನ್ನಿಸುತ್ತದೆ. ಈ ಊರಿನ ಜನ ಹಾಗೇ. ಒತ್ತಾಯ ಮಾಡುವುದಿಲ್ಲ, ಬಾಗಿಲು ತೆಗೆದಿಟ್ಟು ಸುಮ್ಮನೆ ಇರುತ್ತಾರೆ. ನಾನು ವಾರದಲ್ಲಿ ಒಂದು ದಿನ ಹೋಗುತ್ತಿದ್ದೆ, ಸಮ್ಮಟಿಗೆ ಹಿಡಿಯುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ.

ಇನ್ನೊಂದು ಕಡೆಯ ಕಥೆ ಇದಕ್ಕಿಂತ ಕಷ್ಟ. ಅಪ್ಪ ಫೋನಿನಲ್ಲಿ ಜಾಸ್ತಿ ಮಾತಾಡುವವರಲ್ಲ. ಊಟ ಆಯಿತಾ, ಮಳೆ ಬಂತಾ, ಅಷ್ಟೇ. ಒಂದು ಸಲ ಕೇಳಿದರು, "ಅಲ್ಲಿ ನಮ್ಮ ಕೆಲಸದವರು ಇದಾರೇನೋ?" ನಾನು, "ಇಲ್ಲಪ್ಪ, ಇಲ್ಲಿ ಎಲ್ಲ ಮೆಷಿನ್" ಅಂದುಬಿಟ್ಟೆ. ಆ ದಿನ ಬೆಳಗ್ಗೆಯೇ ಅಜ್ಜನ ಕುಲುಮೆಯಲ್ಲಿ ಎರಡು ಗಂಟೆ ಇದ್ದು ಬಂದಿದ್ದೆ. ಮೈಮೇಲೆ ಇದ್ದಲಿನ ವಾಸನೆ ಇನ್ನೂ ಇತ್ತು. ಇದಾರೆ ಅಂದರೆ ಮಾತು ಬೆಳೆಯುತ್ತದೆ, ಬೆಳೆದರೆ ನೀನು ಅಲ್ಲಿ ಏನು ಮಾಡ್ತೀಯ, ಅಷ್ಟು ದೂರ ಹೋಗಿ ಮತ್ತೆ ಇದೇನಾ ಅಂತ ಬರುತ್ತದೆ ಅಂದುಕೊಂಡೆ. ಅವರು ಹಾಗೆ ಕೇಳುತ್ತಿರಲಿಲ್ಲ. ಖುಷಿ ಪಡುತ್ತಿದ್ದರು. ಅದು ಈಗ ಗೊತ್ತು.

ಕುಲುಮೆಯ ಫೋಟೋ ಕೂಡ ತೆಗೆದಿದ್ದೆ. ಅಡಿಗಲ್ಲು, ತಿದಿ, ಇಕ್ಕಳಗಳ ಗೋಡೆ. ಊರಿಗೆ ಹೋದಾಗ ತೋರಿಸಲಿಲ್ಲ.

ಅಜ್ಜ 2009ರ ಜನವರಿಯಲ್ಲಿ ಹೋದರು. ಇಲ್ಲಿ ಹೆಣವನ್ನು ಮನೆಯಲ್ಲಿ ಇಟ್ಟಿರುತ್ತಾರೆ, ಊರಿನವರೆಲ್ಲ ಸಾಲಾಗಿ ಬಂದು ಮನೆಯವರ ಕೈ ಹಿಡಿದು "ಸಾರಿ ಫಾರ್ ಯುವರ್ ಟ್ರಬಲ್" ಅನ್ನುತ್ತಾರೆ, ಚಹಾ ಸ್ಯಾಂಡ್‌ವಿಚ್ ಕೊಡುತ್ತಾರೆ. ನೀನು ಇಂಥದಕ್ಕೆ ತಪ್ಪದೆ ಹೋಗು, ಪರಿಚಯ ಕಡಿಮೆ ಇದ್ದರೂ ಹೋಗು. ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬೇಕಾಗಿಲ್ಲ ಅನ್ನುವುದು ನಮ್ಮ ಹಾಗೇ. ಸಾಲಿನಲ್ಲಿ ನಿಂತು ಅವರ ಮುಂದೆ ಬಂದೆ. ಕೈಗಳನ್ನು ಜೋಡಿಸಿ ಜಪಸರ ಸುತ್ತಿದ್ದರು. ಬೆರಳ ಸಂದಿಯ ಕಪ್ಪು ಹೋಗಿರಲಿಲ್ಲ, ಆ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಥೇಟ್ ಅಪ್ಪನ ಕೈ. ನನ್ನ ಅಪ್ಪನೂ ಕಮ್ಮಾರ ಅಂತ ಕನ್ನಡದಲ್ಲೇ ಹೇಳಿದೆ. ಹಿಂದೆ ನಿಂತವರು ಪ್ರಾರ್ಥನೆ ಅಂದುಕೊಂಡರು.

ಆ ಕುಲುಮೆಯನ್ನು ಆಮೇಲೆ ಮಾರಿದರು. ತಿದಿಯ ಚರ್ಮ ಕೊಳೆತುಹೋಗಿತ್ತು. ಅಡಿಗಲ್ಲನ್ನು ಯಾರೋ ತೋಟದ ಅಲಂಕಾರಕ್ಕೆ ತೆಗೆದುಕೊಂಡು ಹೋದರು.

ಅಪ್ಪ ಹೋದದ್ದು ಮುಂದಿನ ವರ್ಷ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕುಲುಮೆ ಖಾಲಿ. ಖರ್ಚಿಗೆ ಬೇಕಾಯಿತು ಅಂತ ನನ್ನ ತಮ್ಮ ಎಲ್ಲವನ್ನೂ ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಹಾಕಿಬಿಟ್ಟಿದ್ದ. ಅವನನ್ನು ಬೈಯಲು ನನಗೆ ಯಾವ ಹಕ್ಕು? ಬೂದಿಯಲ್ಲಿ ಕೈಯಾಡಿಸಿದೆ, ಒಂದು ಸಣ್ಣ ಇಕ್ಕಳ ಸಿಕ್ಕಿತು. ಬಾಯಿ ಸ್ವಲ್ಪ ಸೊಟ್ಟ. ಅವತ್ತು ರಾತ್ರಿ ಅವ್ವ ಹೇಳಿದಳು, "ನಿಮ್ಮಪ್ಪ ಎಲ್ಲರ ಹತ್ರಾನೂ ಹೇಳೋರು, ನನ್ನ ಮಗ ಹೋಗಿರೋ ದೇಶದಲ್ಲಿ ಕಮ್ಮಾರರೇ ಇಲ್ವಂತೆ, ಪಾಪ, ಆ ಜನ ಹೆಂಗೆ ಬದುಕ್ತಾರೋ ಅಂತ."

ತಮ್ಮಾ, ನೀನು ಕೇಳಿದ ಕೊನೆಯ ಪ್ರಶ್ನೆಗೆ ಇದೇ ಉತ್ತರ. ಹೇಳಿಕೋ. ಮೊದಲ ದಿನವೇ ಹೇಳು. ಕೆಲಸ ಕೇಳಲು ಹೋದ ಕಡೆ ಹೇಳು, ಪಕ್ಕದ ಮನೆಯವರಿಗೆ ಹೇಳು, ಮಗುವಿನ ಶಾಲೆಯಲ್ಲಿ ಹೇಳು. ನಾಲ್ಕು ತಲೆಮಾರು ಕುಲುಮೆಯವರು ಅಂದರೆ ಇಲ್ಲಿ ಕುರ್ಚಿ ಎಳೆದು ಕೂರಿಸುತ್ತಾರೆ. ನನ್ನ ಮಗಳು ಕಾಲೇಜಿನಲ್ಲಿ ತನ್ನ ತಾತನ ಬಗ್ಗೆ ಹೇಳಿಕೊಳ್ಳುತ್ತಾಳೆ, ನನಗೆ ಬಾರದ್ದು ಅವಳಿಗೆ ಬಂತು.

ನಿನ್ನ ತಂದೆ ಇನ್ನೂ ಇದ್ದಾರೆ ಅಂತ ಬರೆದಿದ್ದೀಯ. ಹೊರಡುವ ಮೊದಲು ಒಂದು ದಿನ ಅವರ ಜೊತೆ ಸಮ್ಮಟಿಗೆ ಹಿಡಿ. ಅವರ ಕುಲುಮೆಯ ಫೋಟೋ ತೆಗೆದುಕೊಂಡು ಬಾ. ಒಂದು ಇಕ್ಕಳವನ್ನೋ ಸಣ್ಣ ಸುತ್ತಿಗೆಯನ್ನೋ ಕೇಳಿ ಪಡೆದುಕೋ. ಚೆಕ್ಇನ್ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡು, ಕೈಚೀಲದಲ್ಲಿ ಇಟ್ಟರೆ ಏರ್‌ಪೋರ್ಟಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಮಣ್ಣು ಮಸಿ ತೊಳೆದು ಒರೆಸಿರಲಿ.

ಡಬ್ಲಿನ್‌ನ ಕಾನಲಿ ಸ್ಟೇಷನ್ನಿನಿಂದ ಸ್ಲೈಗೊ ರೈಲು ಹತ್ತಿ ಕ್ಯಾರಿಕ್ ಆನ್ ಶ್ಯಾನನ್‌ನಲ್ಲಿ ಇಳಿಯಿರಿ. ಯಾವ ದಿನ, ಯಾವ ರೈಲು ಅಂತ ತಿಳಿಸು, ಕಾರು ತೆಗೆದುಕೊಂಡು ಬರುತ್ತೇನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ಒಲೆ ಕಟ್ಟಿದ್ದೇನೆ. ಹಳೆಯ ಅಡಿಗಲ್ಲೊಂದನ್ನು ಕೊಂಡು ತಂದಿಟ್ಟಿದ್ದೇನೆ. ಜೊತೆಗೆ ಸಮ್ಮಟಿಗೆ ಹಿಡಿಯುವವರು ಇಲ್ಲ.